ಮಿರ್-155 ತಡೆಯುವ ಆ್ಯಂಟಿಮಿರ್: ನಮ್ಮ ಪುಣೆ ಲ್ಯಾಬಿನಲ್ಲಿ 8 ತಿಂಗಳು ಬಳಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಮಾಲು ಒಳ್ಳೆಯದು. ಹೋಲಿಸಿ ನೋಡೋಕೆ ಜೊತೆಗೆ ಕಳಿಸಿದ ಕಂಟ್ರೋಲ್ (ಕೋಶಕ್ಕೆ ತಾನೇನೂ ಮಾಡಬಾರದ ಮಾಲು) ಮಾತ್ರ ಕೆಟ್ಟದ್ದು, ಅದರಿಂದ ನಮ್ಮ ಎರಡು ತಿಂಗಳ ಕೆಲಸ ನೀರುಪಾಲಾಯಿತು. ಧಾರವಾಡ, ಮೈಸೂರು, ಕಲಬುರಗಿ ಕಡೆಯಿಂದ ಎಂ.ಎಸ್ಸಿ. ಮುಗಿಸಿ ಪುಣೆಯ ಲ್ಯಾಬುಗಳಿಗೆ ಬಂದ ನಮ್ಮವರು ಸುಮಾರು ಜನ ಇದ್ದೀರಿ, ಇಂಥ ವಯಲ್ (ಮಾಲಿನ ಪುಟ್ಟ ಶೀಶೆ) ತರಿಸುವವರೂ ಇದ್ದೀರಿ, ಮೊದಲ ಸಲ ಕೊಳ್ಳುವಾಗ ಎಲ್ಲರೂ ಬೆಲೆ ಒಂದನ್ನೇ ನೋಡುತ್ತೀರಿ. ನಾನೂ ಹಾಗೇ ಮಾಡಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುತ್ತಿಲ್ಲ, ಯಾರ ಹತ್ತಿರ ತಗೊಂಡರೂ ಇದನ್ನೆಲ್ಲ ಕೇಳಲೇಬೇಕು.

ನಾವು ತರಿಸಿದ್ದು ಮಿರ್-155 ಅನ್ನೋ ಮೈಕ್ರೋಆರ್‌ಎನ್‌ಎಯನ್ನು ತಡೆಯುವ ಎಲ್‌ಎನ್‌ಎ ಆ್ಯಂಟಿಮಿರ್. 5 ನ್ಯಾನೋಮೋಲ್, ಎಚ್‌ಪಿಎಲ್‌ಸಿಯಲ್ಲಿ ಶುದ್ಧ ಮಾಡಿದ್ದು. ಜೊತೆಗೆ ಅಷ್ಟೇ ಅಳತೆಯ ನೆಗೆಟಿವ್ ಕಂಟ್ರೋಲ್ ಒಂದು ವಯಲ್.

ಲ್ಯಾಬಿನವರಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಮೈಕ್ರೋಆರ್‌ಎನ್‌ಎ ಅಂದರೆ ಸುಮಾರು 22 ಅಕ್ಷರದ ಪುಟ್ಟ ಆರ್‌ಎನ್‌ಎ ತುಂಡು. ಅದರಿಂದ ಪ್ರೋಟೀನ್ ಆಗುವುದಿಲ್ಲ. ಅದು ಆರ್ಗನಾಟ್ ಅನ್ನೋ ಪ್ರೋಟೀನಿನೊಳಗೆ ಕೂತು, ತನ್ನ 2ರಿಂದ 8ನೇ ಅಕ್ಷರಗಳನ್ನು ಹೊಂದಿಸಿ ನೋಡುತ್ತಾ, ಹೊಂದಿಕೆಯಾದ, ಪ್ರೋಟೀನ್ ಮಾಡಿಸುವ ಸಂದೇಶವಾಹಕ ಆರ್‌ಎನ್‌ಎಗಳ ಬಾಯಿ ಮುಚ್ಚಿಸುತ್ತದೆ. 1993ರಲ್ಲಿ ಒಂದು ಚಿಕ್ಕ ಹುಳುವಿನಲ್ಲಿ ಇದು ಮೊದಲು ಸಿಕ್ಕಿತು. ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು.

ಮಿರ್-155 ನಮ್ಮ ರಕ್ಷಣಾ ಕೋಶಗಳದ್ದು. ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಕೋಶಕ್ಕೆ ಬ್ಯಾಕ್ಟೀರಿಯಾದ ಹೊರಪದರದ ಎಲ್‌ಪಿಎಸ್ ತಾಗಿದ ಕೂಡಲೇ ಇದು ಒಂದೇ ಸಮ ಏರುತ್ತದೆ. ಏರಿದ್ದು ಏನು ಮಾಡುತ್ತದೆ? ಉರಿಯೂತಕ್ಕೆ ಬ್ರೇಕ್ ಹಾಕುವ ಶಿಪ್1, ಸಾಕ್ಸ್1 ಪ್ರೋಟೀನುಗಳನ್ನು ಇಳಿಸುತ್ತದೆ. ಬ್ರೇಕ್ ಸಡಿಲವಾಯಿತು ಅಂದರೆ ಕೋಶ ಜೋರಾಗಿ ಕಾದಾಡುತ್ತದೆ. ಸೋಂಕು ಬಂದಾಗ ಅದು ಬೇಕೇ ಬೇಕು. 2007ರಲ್ಲಿ ಮಿರ್-155 ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದಾಗ ಅವುಗಳ ರೋಗನಿರೋಧಕ ಶಕ್ತಿಯೇ ಕುಂದಿತ್ತು. ಆದರೆ ಸೋಂಕೇ ಇಲ್ಲದಾಗ ಹೀಗೆ ಉರಿಯುತ್ತಿದ್ದರೆ ಸ್ವಂತ ಮೈಗೇ ಏಟು. 2011ರಲ್ಲಿ ಇದೇ ಥರದ ಇಲಿಗಳಿಗೆ ಕೀಲುವಾತ ತರಿಸಲು ನೋಡಿದರೆ ಬರಲೇ ಇಲ್ಲ.

ನನ್ನ ಅಮ್ಮನಿಗೆ 11 ವರ್ಷದಿಂದ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದಾಗ ಬೆರಳು ಮಡಚೋಕೆ ಆಗುವುದಿಲ್ಲ. ಈಳಿಗೆಮಣೆ ಮುಂದೆ ಕೂತು ಅರ್ಧ ಹೋಳು ಕಾಯಿ ತುರಿಯುವುದರೊಳಗೆ ಎರಡು ಸಲ ಕೈ ಬಿಟ್ಟು ಬಿಸಿನೀರಿಗೆ ಅದ್ದುತ್ತಾರೆ. ನಾನು ಈ ವಿಷಯ ಹಿಡಿದದ್ದಕ್ಕೆ ಅದೇ ಕಾರಣ, ಸುಮ್ನೆ ಹೇಳುತ್ತಿಲ್ಲ. ಒಂದು ತಪ್ಪು ಕಂಟ್ರೋಲ್‌ಗೆ ನಾನು ಇಷ್ಟು ಬೇಜಾರಾದದ್ದಕ್ಕೂ ಅದೇ ಕಾರಣ.

ಇನ್ನು ಆ್ಯಂಟಿಮಿರ್. ಇದು ಮೈಕ್ರೋಆರ್‌ಎನ್‌ಎಗೆ ಅಕ್ಷರಕ್ಕೆ ಅಕ್ಷರ ಹೊಂದುವ ಹಾಗೆ ಕಾರ್ಖಾನೆಯಲ್ಲಿ ಹೆಣೆದ ಇನ್ನೊಂದು ಎಳೆ. ಹೋಗಿ ಅದರ ಮೇಲೆ ಕೂರುತ್ತದೆ, ಕೂತರೆ ಏಳುವುದಿಲ್ಲ. ಬೀಗದ ಕೈಯ ಹಲ್ಲಿಗೆ ಮೇಣ ಮೆತ್ತಿದ ಹಾಗೆ, ಕೈ ಇರುತ್ತದೆ, ಬೀಗ ಮಾತ್ರ ತೆಗೆಯುವುದಿಲ್ಲ. ಬರೀ ಆರ್‌ಎನ್‌ಎ ಎಳೆ ಹಾಕಿದರೆ ನಡೆಯುವುದಿಲ್ಲ, ಸೀರಂನಲ್ಲಿರುವ ಕಿಣ್ವಗಳು ಅದನ್ನು ನೋಡ್ತಾ ನೋಡ್ತಾ ತಿಂದು ಹಾಕುತ್ತವೆ. ಅದಕ್ಕೆ ರಸಾಯನ ಬದಲಿಸುತ್ತಾರೆ. ಎಲ್‌ಎನ್‌ಎಯಲ್ಲಿ ಸಕ್ಕರೆ ಉಂಗುರದ 2ನೇ ಜಾಗದ ಆಮ್ಲಜನಕವನ್ನೂ 4ನೇ ಇಂಗಾಲವನ್ನೂ ಸೇರಿಸಿ ಒಂದು ಚಿಕ್ಕ ಸೇತುವೆ ಕಟ್ಟಿರುತ್ತಾರೆ. ಉಂಗುರ ಅಲ್ಲಾಡದೆ ಬಿಗಿಯಾಗಿ ನಿಲ್ಲುತ್ತದೆ. ಅಂಥ ಒಂದೊಂದು ಅಕ್ಷರಕ್ಕೂ ಎರಡು ಎಳೆ ಬಿಡಿಸಿಕೊಳ್ಳುವ ಉಷ್ಣತೆ 2ರಿಂದ 8 ಡಿಗ್ರಿ ಏರುತ್ತದೆ, ಹಾಗಾಗಿ 22 ಅಕ್ಷರಕ್ಕೆ 22 ಬೇಕಿಲ್ಲ, 15 ಇದ್ದರೆ ಸಾಕು. ಬೆನ್ನೆಲುಬಿನ ಫಾಸ್ಫೇಟಿನಲ್ಲಿ ಒಂದು ಆಮ್ಲಜನಕ ತೆಗೆದು ಗಂಧಕ ಕೂರಿಸುತ್ತಾರೆ, ಅದನ್ನು ಕಿಣ್ವಗಳಿಗೆ ಕತ್ತರಿಸೋಕೆ ಕಷ್ಟ.

ಇದು ಬರೀ ಲ್ಯಾಬಿನ ಆಟ ಅಂದುಕೊಳ್ಳಬೇಡಿ. 2005ರಲ್ಲಿ ಕೊಲೆಸ್ಟರಾಲ್ ಅಂಟಿಸಿದ ಇಂಥ ಎಳೆಗಳನ್ನು ಇಲಿಗಳಿಗೆ ಕೊಟ್ಟು ಲಿವರಿನ ಮಿರ್-122 ತಡೆದು ತೋರಿಸಿದರು. 2013ರಲ್ಲಿ ಹೆಪಟೈಟಿಸ್ ಸಿ ಇದ್ದ 36 ಜನರ ಮೇಲೆ ಮಿರಾವಿರ್ಸೆನ್ ಅನ್ನೋ ಎಲ್‌ಎನ್‌ಎ ಆ್ಯಂಟಿಮಿರ್ ಪ್ರಯೋಗದ ವರದಿ ಬಂತು, ಔಷಧಿ ಪ್ರಮಾಣ ಜಾಸ್ತಿ ಮಾಡಿದಷ್ಟೂ ವೈರಸ್ ಕಡಿಮೆಯಾಗಿತ್ತು. ನಮ್ಮ ಮಿರ್-155ಕ್ಕೇ ಮಾಡಿದ ಕೋಬೋಮಾರ್ಸೆನ್ ಅನ್ನು ಚರ್ಮದ ಟಿ ಕೋಶದ ಲಿಂಫೋಮಾ ರೋಗಿಗಳಲ್ಲಿ ಪರೀಕ್ಷಿಸಿದ್ದರು.

ಸರಿ, ವಯಲ್ ವಿಷಯಕ್ಕೆ ಬರುತ್ತೇನೆ.

ಆರ್ಡರ್ ಮಾಡಿದ್ದು ಪುಣೆಯ ಒಬ್ಬ ಡಿಸ್ಟ್ರಿಬ್ಯೂಟರ್ ಮೂಲಕ. ಅವರ ಕಡೆಯಿಂದ ಬರುವವರು ಸೋಲಾಪುರದವರು, ಮನೆಮಾತು ಕನ್ನಡ. ಲ್ಯಾಬಿನಲ್ಲಿ ಉಳಿದವರ ಜೊತೆ ಮರಾಠಿ, ನನ್ನ ಜೊತೆ ಕನ್ನಡ. ಕೊಟೇಶನ್ ಅದೇ ದಿನ ಬಂತು. ಮಾಲು ಬರೋಕೆ 5 ವಾರ ಹಿಡಿಯಿತು. ಹೊರಗಿನಿಂದ ಬರಬೇಕು, ಅಷ್ಟು ಆಗುತ್ತದೆ, ಅದಕ್ಕೆ ದೂರು ಇಲ್ಲ. ದೂರು ಇರುವುದು ಡ್ರೈ ಐಸ್ ಲೆಕ್ಕಕ್ಕೆ. ಬಿಲ್ಲಿನಲ್ಲಿ ಡ್ರೈ ಐಸ್ ಅಂತ ಬೇರೆ ಸಾಲು ಹಾಕಿದ್ದರು. ಒಣಗಿಸಿ ಕಳಿಸುವ ಆಲಿಗೋಗೆ (ಇಂಥ ಚಿಕ್ಕ ಎಳೆಗೆ) ಅದು ಬೇಕಿಲ್ಲ. ಒಣಗಿದ ಎಳೆ ಪುಣೆಯ ಮೇ ತಿಂಗಳ ಬಿಸಿಲಲ್ಲಿ ಎರಡು ದಿನ ಕೊರಿಯರ್ ವ್ಯಾನಿನಲ್ಲಿ ಇದ್ದರೂ ಏನೂ ಆಗುವುದಿಲ್ಲ. ನಿಮ್ಮ ಬಿಲ್ಲಿನಲ್ಲಿ ಆ ಸಾಲು ಇದ್ದರೆ ತೆಗೆಸಿ. ಅದೇ ದುಡ್ಡಿಗೆ ಎಳೆಯನ್ನು ಕೋಶದೊಳಗೆ ಸೇರಿಸುವ ಟ್ರಾನ್ಸ್‌ಫೆಕ್ಷನ್ ರೀಏಜೆಂಟನ್ನು ತಂಪಾಗಿ ತಂದುಕೊಡಿ ಅನ್ನಿ, ಅದಕ್ಕೆ ನಿಜವಾಗಿ ತಂಪು ಬೇಕು.

ವಯಲ್ ತೆರೆಯುವಾಗ ಒಂದು ಮಾತು. ಒಳಗೆ ಏನೂ ಕಾಣುವುದಿಲ್ಲ. ದೀಪಕ್ಕೆ ಹಿಡಿದು ಓರೆ ಮಾಡಿ ನೋಡಿದರೆ ಗೋಡೆಗೆ ಅಂಟಿದ ತೆಳ್ಳನೆ ಬಿಳಿ ಪೊರೆ, ಒಮ್ಮೊಮ್ಮೆ ಅದೂ ಇಲ್ಲ. ಖಾಲಿ ಕಳಿಸಿದ್ದಾರೆ ಅಂತ ಗಾಬರಿಯಾಗಬೇಡಿ. ಮುಚ್ಚಳ ತೆಗೆಯುವ ಮೊದಲು ಒಂದು ನಿಮಿಷ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಲೇಬೇಕು, ಇಲ್ಲವಾದರೆ ಆ ಪೊರೆ ಮುಚ್ಚಳದ ಜೊತೆ ಹಾರಿ ಹೋಗುತ್ತದೆ. ಆಮೇಲೆ ನ್ಯಾನೋಮೋಲ್ ಎಷ್ಟಿದೆಯೋ ಅದರ ಹತ್ತರಷ್ಟು ಮೈಕ್ರೋಲೀಟರ್ ಟಿಇ ಬಫರ್ ಹಾಕಿದರೆ 100 ಮೈಕ್ರೋಮೋಲಾರ್ ಆಗುತ್ತದೆ. ನಮ್ಮದು 5, ಹಾಗಾಗಿ 50 ಮೈಕ್ರೋಲೀಟರ್. 5-5 ಮೈಕ್ರೋಲೀಟರಿನ ಹತ್ತು ಟ್ಯೂಬ್ ಮಾಡಿ ಮೈನಸ್ 20ರಲ್ಲಿ ಇಟ್ಟೆವು. ಮಳೆಗಾಲದಲ್ಲಿ ಕರೆಂಟ್ ಹೋಗಿ ಫ್ರೀಜರ್ ಒಂದು ರಾತ್ರಿ ಪೂರ್ತಿ ಕರಗಿತ್ತು, ಆದರೂ ಆ ಟ್ಯೂಬುಗಳು ಮೊದಲಿನ ಹಾಗೇ ಕೆಲಸ ಮಾಡಿದವು. ಮಾಲಿನ ಗಟ್ಟಿತನಕ್ಕೆ ಪೂರ್ತಿ ಅಂಕ.

ಕೋಶ ನಾವು ಬಳಸಿದ್ದು ರಾ 264.7, ಲ್ಯಾಬಿನಲ್ಲಿ ಬೆಳೆಸುತ್ತಲೇ ಇರಬಹುದಾದ ಇಲಿಯ ಮ್ಯಾಕ್ರೋಫೇಜ್ ಸೆಲ್ ಲೈನ್. ಗಣೇಶ್‌ಖಿಂಡ್‌ನ ನ್ಯಾಷನಲ್ ಸೆಂಟರ್ ಫಾರ್ ಸೆಲ್ ಸೈನ್ಸ್‌ನಿಂದ ತಂದದ್ದು, ಪಾಷಾಣ್‌ನಿಂದ ಸ್ಕೂಟರಿನಲ್ಲಿ ಹೋಗಿ ಬರುವಷ್ಟು ಹತ್ತಿರ, ಇದು ಪುಣೆಯವರ ಭಾಗ್ಯ. ಬಿತ್ತಿದ ಮರುದಿನ 50 ನ್ಯಾನೋಮೋಲಾರ್ ಆ್ಯಂಟಿಮಿರ್ ಅನ್ನು ಲಿಪಿಡ್ (ಟ್ರಾನ್ಸ್‌ಫೆಕ್ಷನ್ ರೀಏಜೆಂಟ್) ಜೊತೆ ಹಾಕಿದೆವು, ಇನ್ನೊಂದು ದಿನ ಬಿಟ್ಟು ಎಲ್‌ಪಿಎಸ್ ಕೊಟ್ಟೆವು, ಆಮೇಲೆ ಮೇಲಿನ ದ್ರವ ತೆಗೆದು ಉರಿಯೂತದ ಪ್ರೋಟೀನ್ ಟಿಎನ್‌ಎಫ್ ಎಷ್ಟಿದೆ ಅಂತ ಎಲೈಸಾ, ಅಂದರೆ ಬಣ್ಣ ನೋಡಿ ಅಳೆಯುವ ಪರೀಕ್ಷೆ.

ಫಲಿತಾಂಶ ನೋಡಿ ಕುಣಿಯುವುದೊಂದು ಬಾಕಿ. ಕಂಟ್ರೋಲ್ ಹಾಕಿದ ಕೋಶಗಳಲ್ಲಿ ಟಿಎನ್‌ಎಫ್ ಮುಗಿಲಿಗೆ, ಆ್ಯಂಟಿಮಿರ್ ಹಾಕಿದ್ದರಲ್ಲಿ ನೆಲಕ್ಕೆ. ಮೂರು ಸಲ ಮಾಡಿದೆವು, ಮೂರು ಸಲವೂ ಹಾಗೇ. ಗೈಡ್ ಖುಷಿಯಾದರು. ಪೋಸ್ಟರ್ ತಯಾರಾಯಿತು. ಅಮ್ಮನಿಗೂ ಫೋನಿನಲ್ಲಿ ಹೇಳಿದೆ.

ನಮ್ಮಲ್ಲಿ ಕಲಬುರಗಿಯ ಒಬ್ಬ ಜೂನಿಯರ್ ಹುಡುಗಿ ಇದ್ದಾಳೆ. ನಾಲ್ಕನೇ ಪ್ಲೇಟು ಅವಳು ಮಾಡಿದಳು. ನಾನು ಬರೆದುಕೊಟ್ಟ ಪಟ್ಟಿಯಲ್ಲಿ ಇಲ್ಲದ ಮೂರು ವೆಲ್ (ಪ್ಲೇಟಿನ ಗುಳಿ) ತಾನೇ ಸೇರಿಸಿದ್ದಳು: ಕಂಟ್ರೋಲ್ ಇದೆ, ಎಲ್‌ಪಿಎಸ್ ಇಲ್ಲ. ಎಲೈಸಾದಲ್ಲಿ ಬಣ್ಣ ಮೊದಲು ನೀಲಿ ಬರುತ್ತದೆ, ಆ್ಯಸಿಡ್ ಹಾಕಿ ನಿಲ್ಲಿಸಿದ ಕೂಡಲೇ ಹಳದಿಗೆ ತಿರುಗುತ್ತದೆ. ಎಲ್‌ಪಿಎಸ್ ಇಲ್ಲದ ವೆಲ್‌ಗಳು ನೀರಿನ ಹಾಗೆ ಇರಬೇಕು. ಅವಳು ಪ್ಲೇಟನ್ನು ಬಿಳಿ ಟಿಶ್ಯೂ ಮೇಲೆ ಇಟ್ಟು ನನ್ನನ್ನು ಕರೆದಳು.

"ಅಕ್ಕಾ, ಇವು ಯಾಕ್ ಹಳದಿ ಆಗ್ಯಾವ? ಇದರಾಗ ಎಲ್‌ಪಿಎಸ್ ಹಾಕೇ ಇಲ್ಲಲ್ಲ."

ಮೂರಕ್ಕೆ ಮೂರೂ ಹಳದಿ. ಪಕ್ಕದಲ್ಲಿ ಬರೀ ಲಿಪಿಡ್ ಹಾಕಿದ ಮೂರು ವೆಲ್ ತಿಳಿಯಾಗಿದ್ದವು. ಒಂದು ಪ್ಲೇಟಿನಲ್ಲಿ ಎಲ್ಲಾ ಗೊತ್ತಾಗಿಹೋಯಿತು. ಏನೂ ಮಾಡಬಾರದ ಕಂಟ್ರೋಲೇ ಕೋಶವನ್ನು ಕೆರಳಿಸುತ್ತಿದೆ. ಅದರ ಪಕ್ಕದಲ್ಲಿಟ್ಟು ನೋಡಿದರೆ ಆ್ಯಂಟಿಮಿರ್ ಎಷ್ಟು ತಣ್ಣಗೆ ಕಂಡರೂ ಅದು ಪೂರ್ತಿ ಆ್ಯಂಟಿಮಿರ್‌ನ ಗುಣ ಅಲ್ಲ. ಆ ರಾತ್ರಿ ಪೋಸ್ಟರಿನ ಗ್ರಾಫ್ ತೆಗೆದು ಹಾಕಿದೆ.

ಮೊದಲು ಅನುಮಾನ ಬಂದದ್ದು ನಮ್ಮ ನೀರಿನ ಮೇಲೆ. ಮ್ಯಾಕ್ರೋಫೇಜ್‌ಗಳು ಪಿಕೋಗ್ರಾಂ ಲೆಕ್ಕದ ಎಲ್‌ಪಿಎಸ್‌ಗೂ ಎಚ್ಚರವಾಗುತ್ತವೆ. ಬಫರಿನಲ್ಲಿ, ಪ್ಲಾಸ್ಟಿಕ್ಕಿನಲ್ಲಿ, ಎಲ್ಲಿಂದ ಬೇಕಾದರೂ ಬರಬಹುದು. ಎಂಡೋಟಾಕ್ಸಿನ್ (ಅಂದರೆ ಎಲ್‌ಪಿಎಸ್) ಪರೀಕ್ಷೆ ಮಾಡಿಸಿದೆವು, ಎಲ್ಲಾ ಶುದ್ಧ. ಆಮೇಲೆ ಡೇಟಾಶೀಟ್ ತೆಗೆದು ನೋಡಿದೆ. ಕಂಟ್ರೋಲಿನ ಅಕ್ಷರಗಳೇ ಅದರಲ್ಲಿ ಇಲ್ಲ! ಆ್ಯಂಟಿಮಿರ್‌ದು ಇದೆ, ಕಂಟ್ರೋಲ್‌ದು ಮಾತ್ರ 'ಸಾರ್ವತ್ರಿಕ ನೆಗೆಟಿವ್ ಕಂಟ್ರೋಲ್' ಅಂತ ಒಂದು ಸಾಲು.

ಸೋಲಾಪುರದವರಿಗೆ ಫೋನ್ ಮಾಡಿದೆ. ಅವರು ನೇರ ಮನುಷ್ಯ. "ಮೇಡಂ, ನೀವ್ ಹೇಳೂದು ಖರೆ ಐತ್ರಿ, ಆದ್ರ ಸೀಕ್ವೆನ್ಸ್ ನಮಗೂ ಕೊಡಂಗಿಲ್ರಿ ಅವ್ರು. ನಾ ಮೇಲ್ ಹಾಕ್ತೀನ್ರಿ" ಅಂದರು. ಹಾಕಿದರು. ಕಂಪನಿಯಿಂದ ಮೊದಲ ಉತ್ತರ: ನಿಮ್ಮ ಟ್ರಾನ್ಸ್‌ಫೆಕ್ಷನ್ ಸರಿಪಡಿಸಿಕೊಳ್ಳಿ. ಎರಡನೆಯದು: ಅದು ವ್ಯಾಪಾರದ ಗುಟ್ಟು. ಮೂರನೇ ಮೇಲ್‌ಗೆ ಪ್ಲೇಟಿನ ಫೋಟೋ ಲಗತ್ತಿಸಿ, ಗೈಡ್ ಸಹಿ ಹಾಕಿಸಿ ಕಳಿಸಿದ ಮೇಲೆ ಅಕ್ಷರ ಬಂದವು.

ನೋಡಿದರೆ ಕಂಟ್ರೋಲಿನಲ್ಲಿ ಎಲ್‌ಎನ್‌ಎಯೇ ಇಲ್ಲ. ಬೇರೆ ಯಾವುದೋ ಉತ್ಪನ್ನಕ್ಕೆ ಮಾಡಿದ ಮಾಮೂಲಿ ಡಿಎನ್‌ಎ ಎಳೆ, ಬೆನ್ನೆಲುಬಿಗೆ ಮಾತ್ರ ಗಂಧಕ. ಅದರ ನಡುವೆ ಜಿ-ಎ-ಸಿ-ಜಿ-ಟಿ-ಟಿ. ಇಮ್ಯುನಾಲಜಿ ಓದಿದವರಿಗೆ ಇಲ್ಲೇ ಗೊತ್ತಾಗುತ್ತದೆ. ಸಿ ಆದ ಮೇಲೆ ಜಿ, ಮೀಥೈಲ್ ಇಲ್ಲದ ಸಿ: ಇದು ಬ್ಯಾಕ್ಟೀರಿಯಾ ಡಿಎನ್‌ಎಯ ಗುರುತು. ಟಿಎಲ್‌ಆರ್9 ಅನ್ನೋ ಗ್ರಾಹಿ ಇದನ್ನೇ ಕಾಯುತ್ತಾ ಕೂತಿರುತ್ತದೆ, ಅದರಲ್ಲೂ ಇಲಿಯ ಟಿಎಲ್‌ಆರ್9ಗೆ ಈ ಆರು ಅಕ್ಷರ ಅಂದರೆ ಪ್ರಾಣ. ಲಿವರ್ ಕೋಶದಲ್ಲೋ ಕಿಡ್ನಿ ಕೋಶದಲ್ಲೋ ಇದೇ ಕಂಟ್ರೋಲ್ ಬಳಸಿದ್ದರೆ ಬಹುಶಃ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಮ್ಮದು ರಕ್ಷಣಾ ಕೋಶ. ಹೊರಗಿನ ಡಿಎನ್‌ಎ, ಆರ್‌ಎನ್‌ಎ ಪತ್ತೆ ಮಾಡುವುದೇ ಅದರ ಕಸುಬು. ಅದರೊಳಗೆ ಹೊರಗಿನ ಎಳೆ ತುರುಕಿ, ಅದು ಸುಮ್ಮನಿರಬೇಕು ಅಂತ ನಾವು ಬಯಸುತ್ತಿದ್ದೇವೆ. ಈ ಕೋಶಗಳಿಗೆ ಅಂತ ಮಾರುವವರು ಇಷ್ಟು ಯೋಚನೆ ಮಾಡಬೇಡವಾ? ಇದರ ಉಲ್ಟಾ ತೊಂದರೆಯೂ ಇದೆ. 2'-ಒ-ಮೀಥೈಲ್ ಥರದ ರಸಾಯನದ ಕೆಲವು ಆ್ಯಂಟಿಮಿರ್‌ಗಳು ಮೈಕ್ರೋಆರ್‌ಎನ್‌ಎಗೆ ಸಂಬಂಧವೇ ಇಲ್ಲದೆ ಟಿಎಲ್‌ಆರ್7 ಅನ್ನೋ ಆರ್‌ಎನ್‌ಎ ಪತ್ತೆ ಮಾಡುವ ಗ್ರಾಹಿಯನ್ನು ಮಂಕು ಮಾಡುತ್ತವೆ. ಆಗ ಉರಿಯೂತ ಇಳಿಯಿತು ಅಂತ ನಾವು ಚಪ್ಪಾಳೆ ತಟ್ಟುತ್ತೇವೆ, ಮಿರ್-155ಕ್ಕೂ ಅದಕ್ಕೂ ನಂಟೇ ಇರುವುದಿಲ್ಲ.

ಹಾಗಾಗಿ ಕಂಟ್ರೋಲ್ ಅದೇ ರಸಾಯನದ್ದಾಗಿರಬೇಕು. ಅಷ್ಟೇ ಉದ್ದ, ಎಲ್‌ಎನ್‌ಎ ಅಕ್ಷರಗಳು ಅಷ್ಟೇ, ಅದೇ ಬೆನ್ನೆಲುಬು, ಅಕ್ಷರ ಮಾತ್ರ ಕಲಸಿರಬೇಕು, ಸಿ-ಜಿ ಜೋಡಿ ಇರಬಾರದು. ಇದನ್ನೇ ಬರೆದು ಹೊಸದನ್ನು ಮಾಡಿಸಿಕೊಂಡೆವು. ಹೊಸ ವಯಲ್‌ಗೆ ದುಡ್ಡು ತಗೊಳ್ಳಲಿಲ್ಲ, ಅದು ಸೋಲಾಪುರದವರು ಜಗಳ ಮಾಡಿ ಕೊಡಿಸಿದ್ದು. ಹೋದ ಎರಡು ತಿಂಗಳಿಗೆ ಕಂಪನಿಯಿಂದ ಒಂದು ಕ್ಷಮೆಯ ಮಾತೂ ಬರಲಿಲ್ಲ.

ಹೊಸ ಕಂಟ್ರೋಲ್ ಜೊತೆ ಮಾಡಿದಾಗ ವ್ಯತ್ಯಾಸ ಮೊದಲಿಗಿಂತ ಕಮ್ಮಿ ಬಂತು. ಆದರೆ ಬಂತು. ಎಲ್‌ಪಿಎಸ್ ಇಲ್ಲದ ವೆಲ್‌ಗಳು ತಿಳಿಯಾಗಿದ್ದವು. ಟಿಎನ್‌ಎಫ್ ಇಳಿದದ್ದು ನಿಜ. ಅದಕ್ಕಿಂತ ಹೆಚ್ಚು ನಂಬಿಕೆ ಬಂದದ್ದು ಪ್ರೋಟೀನನ್ನು ಪಟ್ಟಿಯಾಗಿ ತೋರಿಸುವ ವೆಸ್ಟರ್ನ್ ಬ್ಲಾಟ್ ನೋಡಿ: ಎಲ್‌ಪಿಎಸ್ ಕೊಟ್ಟ ಮೇಲೆ ಮಸುಕಾಗಿದ್ದ ಶಿಪ್1 ಪಟ್ಟಿ, 145 ಕಿಲೋಡಾಲ್ಟನ್ ಹತ್ತಿರ, ಆ್ಯಂಟಿಮಿರ್ ಹಾಕಿದ ಸಾಲಿನಲ್ಲಿ ಮತ್ತೆ ದಪ್ಪಗೆ ಎದ್ದಿತ್ತು. ಡಾರ್ಕ್ ರೂಮಿನಲ್ಲಿ ಫಿಲ್ಮ್ ಎತ್ತಿ ಹಿಡಿದಾಗ ನಾನೂ ಆ ಹುಡುಗಿಯೂ ಒಟ್ಟಿಗೇ ಅದನ್ನು ನೋಡಿದೆವು. ಮಾಲು ಕೆಲಸ ಮಾಡುತ್ತದೆ ಅಂತ ನಾನು ಹೇಳುವುದು ಆ ಪಟ್ಟಿ ನೋಡಿ.

ಕ್ಯೂಪಿಸಿಆರ್ (ಆರ್‌ಎನ್‌ಎ ಎಷ್ಟಿದೆ ಅಂತ ಅಳೆಯುವ ಪರೀಕ್ಷೆ) ಮಾಡಿ ಮಿರ್-155 ಕಡಿಮೆಯಾಯಿತು ಅಂತ ತೋರಿಸುವುದನ್ನು ನಂಬಬೇಡಿ. ಕೋಶ ಒಡೆದಾಗ ಉಳಿದ ಆ್ಯಂಟಿಮಿರ್ ಟ್ಯೂಬಿನಲ್ಲೇ ಮೈಕ್ರೋಆರ್‌ಎನ್‌ಎಗೆ ಅಂಟಿಕೊಳ್ಳುತ್ತದೆ, ಪರೀಕ್ಷೆಗೆ ಹಾಕಿದ ಪ್ರೈಮರ್ ಎಳೆಗೆ ಕೂರೋಕೆ ಜಾಗ ಸಿಗುವುದಿಲ್ಲ, ಅಂಕಿ ಇಳಿದ ಹಾಗೆ ಕಾಣುತ್ತದೆ. ಕೋಶದೊಳಗೆ ಏನಾಯಿತು ಅಂತ ಅದರಿಂದ ಗೊತ್ತಾಗುವುದಿಲ್ಲ. ಗುರಿ ಪ್ರೋಟೀನ್ ಏರಿತಾ ನೋಡಿ, ಇಲ್ಲಾ ಗುರಿಯ ತಡೆ ಬಿಟ್ಟಿತಾ ಅಂತ ಬೆಳಕಿನಿಂದ ತೋರಿಸುವ ಲೂಸಿಫರೇಸ್ ರಿಪೋರ್ಟರ್ ಹಾಕಿ.

ಇನ್ನೊಂದು ಎಚ್ಚರಿಕೆ, ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಮನುಷ್ಯರ ಮಿರ್-155ಕ್ಕೂ ಇಲಿಯದಕ್ಕೂ 12ನೇ ಅಕ್ಷರದಲ್ಲಿ ವ್ಯತ್ಯಾಸ. ಇಲಿಯಲ್ಲಿ ಯು, ನಮ್ಮಲ್ಲಿ ಸಿ. ಹೊಂದಿಸುವ 2ರಿಂದ 8ನೇ ಅಕ್ಷರ ಎರಡರಲ್ಲೂ ಒಂದೇ, ಹಾಗಾಗಿ ಕೆಲವರು ಒಂದನ್ನೇ ಎರಡಕ್ಕೂ ಹಾಕುತ್ತಾರೆ. ಆದರೆ ಆ ಸಿ ಪಕ್ಕದಲ್ಲಿ ಜಿ ಇದೆ. ಅಂದರೆ ಮನುಷ್ಯರ ಮಿರ್-155ಕ್ಕೆ ಪೂರ್ತಿ ಹೊಂದುವ ಆ್ಯಂಟಿಮಿರ್ ಮಾಡಿಸಿದರೆ ಅದರೊಳಗೇ ಸಿ-ಜಿ ಜೋಡಿ ಬಂದು ಕೂರುತ್ತದೆ! ಮನುಷ್ಯರ ಟಿಎಚ್‌ಪಿ-1 ಕೋಶದಲ್ಲೋ ರಕ್ತದಿಂದ ತೆಗೆದ ಕೋಶದಲ್ಲೋ ಕೆಲಸ ಮಾಡುವವರು ಆ ಸಿ ಜಾಗದಲ್ಲಿ ಎಲ್‌ಎನ್‌ಎ ಅಥವಾ ಮೀಥೈಲ್ ಇರುವ ಸಿ ಹಾಕಿದ್ದೀರಾ ಅಂತ ಆರ್ಡರ್‌ಗೆ ಮೊದಲೇ ಕೇಳಿ, ಉತ್ತರ ಬರವಣಿಗೆಯಲ್ಲಿ ತಗೊಳ್ಳಿ.

ಇಲಿಯ ಮೂಳೆಮಜ್ಜೆಯಿಂದ ಬೆಳೆಸಿದ ಮ್ಯಾಕ್ರೋಫೇಜ್‌ಗಳಿಗೆ ಲಿಪಿಡ್ ಇಲ್ಲದೆ ಬರೀ ಆ್ಯಂಟಿಮಿರ್ ಅನ್ನೇ ಮೀಡಿಯಂಗೆ ಬೆರೆಸಿ ಮೂರು ದಿನ ಬಿಟ್ಟೆವು. ಪ್ರಮಾಣ ಜಾಸ್ತಿ ಬೇಕಾಯಿತು, 1 ಮೈಕ್ರೋಮೋಲಾರ್. ಆದರೆ ಕೋಶ ಸಾಯಲಿಲ್ಲ, ಲಿಪಿಡ್‌ನಿಂದ ಆಗುವ ಕೆರಳಿಕೆಯೂ ಇರಲಿಲ್ಲ, ಶಿಪ್1 ಏರಿತು. ನುಂಗುವುದೇ ಈ ಕೋಶಗಳ ಅಭ್ಯಾಸ, ಗಂಧಕದ ಬೆನ್ನೆಲುಬನ್ನು ಅವು ಸುಲಭವಾಗಿ ಒಳಗೆ ಎಳೆದುಕೊಳ್ಳುತ್ತವೆ. ಟಿ ಕೋಶದಲ್ಲಿ ಲಿಪಿಡ್ ಹಾಕಿ ನೋಡಿದೆವು, ಪ್ರಯೋಜನ ಆಗಲಿಲ್ಲ. ಅದಕ್ಕೆ ಎಲೆಕ್ಟ್ರೋಪೊರೇಷನ್ (ವಿದ್ಯುತ್ ಹಾಯಿಸಿ ಒಳಗೆ ಸೇರಿಸುವುದು) ಬೇಕು.

ಬೆಲೆ ಹೊರೆಯೇ. ಆದರೆ 5 ನ್ಯಾನೋಮೋಲ್‌ನಲ್ಲಿ 24 ವೆಲ್ ಪ್ಲೇಟುಗಳು ಎಷ್ಟೋ ಆಗುತ್ತವೆ, 8 ತಿಂಗಳಾದ ಮೇಲೂ ನಮ್ಮ ಹತ್ತಿರ ಮೂರು ಟ್ಯೂಬ್ ಉಳಿದಿವೆ. ಆ್ಯಂಟಿಮಿರ್‌ಗೆ 5ಕ್ಕೆ 4.5 ಕೊಡುತ್ತೇನೆ. ಡೆಲಿವರಿಗೆ 3. ಅಕ್ಷರ ಮುಚ್ಚಿಟ್ಟ ಕಂಪನಿಯ ಸಪೋರ್ಟ್‌ಗೆ 1, ಸೋಲಾಪುರದವರಿಗೆ 5. ಮತ್ತೆ ಅವರ ಮೂಲಕವೇ ತರಿಸುತ್ತೇನೆ, ಈ ಸಲ ಇಂಡೆಂಟಿನಲ್ಲೇ ಕಂಟ್ರೋಲಿನ ಪೂರ್ತಿ ಅಕ್ಷರ ಕೇಳಿ ಬರೆದಿದ್ದೇನೆ.

ಹಳೇ ಕಂಟ್ರೋಲ್ ಎಸೆದಿಲ್ಲ. ಟ್ಯೂಬುಗಳ ಮೇಲೆ ಕೆಂಪು ಮಾರ್ಕರಿನಲ್ಲಿ 'ಟಿಎಲ್‌ಆರ್9' ಅಂತ ಬರೆದು ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇವೆ. ಈಗ ಲ್ಯಾಬಿಗೆ ಹೊಸದಾಗಿ ಬಂದವರಿಗೆ ಮೊದಲ ವಾರ ಅದನ್ನೇ ಕೊಟ್ಟು, ಎಲ್‌ಪಿಎಸ್ ಇಲ್ಲದೆ ಒಂದು ಎಲೈಸಾ ಮಾಡಿಸುತ್ತೇವೆ. ಕಲಿಸುವುದು ಕಲಬುರಗಿಯ ಆ ಹುಡುಗಿಯೇ.